ಇನಿಷಿಯಲ್‌ನಲ್ಲಿ ಹೊರಟ ಊರು

ಹಾಸನದಿಂದ ಅರಸೀಕೆರೆ ದಾರಿ ಹಿಡಿದರೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕೊರವಂಗಲ. ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಬೂಚಿರಾಜ 1173ರಲ್ಲಿ ಕಟ್ಟಿಸಿದ ಬೂಚೇಶ್ವರ ಗುಡಿಯ ಊರು. ರಾಗಿ ಕೊಯ್ಲು ಮುಗಿದ ಮೇಲೆ ಈ ಸೀಮೆಯಲ್ಲಿ ಸುತ್ತಾಡಿದರೆ ಕೂಳೆ ತುಳಿದು ಗಟ್ಟಿ ಮಾಡಿದ ಹೊಲ, ನೆಟ್ಟ ಮೂರು ಕೋಲು, ಟೆನಿಸ್ ಬಾಲು, ಮೈಕ್ ಹಿಡಿದು ಸ್ಕೋರು ಕೂಗುವ ಹುಡುಗ ಕಣ್ಣಿಗೆ ಬೀಳದೇ ಇರುವುದಿಲ್ಲ. ತಂಡಕ್ಕೆ ಊರಿನದೇ ಹೆಸರು. ಸೋತರೆ ಊರೇ ಸೋತಂತೆ.

ಊರಭಿಮಾನವನ್ನು ನಮಗೆ ಬ್ರಿಟಿಷರು ಕಲಿಸಬೇಕಿರಲಿಲ್ಲ. ಅದಕ್ಕೆ ನಿಯಮ, ವೇಳೆ, ಮೈದಾನ ಒದಗಿಸಿಕೊಂಡವರು ಮಾತ್ರ ಅವರು. ಬ್ರಿಟನ್ನಿನ 1850ರ ಕಾರ್ಖಾನೆ ಕಾಯ್ದೆ ಜವಳಿ ಗಿರಣಿಗಳಲ್ಲಿ ಹೆಂಗಸರನ್ನೂ ಹದಿಹರೆಯದವರನ್ನೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ದುಡಿಸಬಾರದೆಂದಿತು. ಆ ಬಿಡುವು ಬರಬರುತ್ತಾ ಗಂಡಸರಿಗೂ ಸಿಕ್ಕಿತು. ಶನಿವಾರ ಮೂರಕ್ಕೆ ಫುಟ್‌ಬಾಲ್ ಎಂಬ ರೂಢಿ ಬೇರೂರಿದ್ದು ಆ ಬಿಡುವಿನಲ್ಲೇ. ನ್ಯೂಟನ್ ಹೀತ್‌ನ ರೈಲ್ವೆ ಕೆಲಸಗಾರರು 1878ರಲ್ಲಿ ಕಟ್ಟಿಕೊಂಡ ತಂಡವೇ ಇಂದಿನ ಮ್ಯಾಂಚೆಸ್ಟರ್ ಯುನೈಟೆಡ್.

ಕ್ರಿಕೆಟ್ಟಿನ ಕಥೆ ಅಷ್ಟು ಸರಳವಲ್ಲ. ಕೌಂಟಿ ತಂಡಗಳಲ್ಲಿ ಸಂಬಳಕ್ಕೆ ಆಡದ 'ಜಂಟಲ್‌ಮನ್'ಗಳ ಹೆಸರಿಗೆ ಇನಿಷಿಯಲ್ ಮುಂದೆ, ಕೂಲಿಗೆ ಆಡುವ 'ಪ್ಲೇಯರ್'ಗಳಿಗೆ ಹಿಂದೆ. ಸ್ಕೋರ್‌ಕಾರ್ಡ್ ನೋಡಿದರೇ ಅಂತಸ್ತು ಗೊತ್ತಾಗುತ್ತಿತ್ತು. ಜಾತಿಯ ನೋವು ಬಲ್ಲ ನಮಗೆ ಇದು ಹೊಸದಲ್ಲ. ಈ ಭೇದ ಅಳಿಯಲು 1962ರ ಕೊನೆಯವರೆಗೆ ಕಾಯಬೇಕಾಯಿತು. ಯಾರ್ಕ್‌ಷೈರ್ ತಂಡವಂತೂ ತನ್ನ ನೆಲದಲ್ಲಿ ಹುಟ್ಟಿದವರೇ ಬೇಕೆಂದು ಬಹುಕಾಲ ಹಟ ಹಿಡಿದಿತ್ತು. ಅದರ ಪರ ಆಡಿದ ಮೊದಲ ವಿದೇಶಿ ಆಟಗಾರ 1992ರಲ್ಲಿ ಸಚಿನ್ ತೆಂಡೂಲ್ಕರ್.

ನಮ್ಮಲ್ಲಿ ಇನಿಷಿಯಲ್ ಎಷ್ಟೋ ಸಲ ಹೇಳುವುದು ಊರನ್ನು. ಜಾವಗಲ್ ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ. ಯಾರ್ಕ್‌ಷೈರಿನ ಲೆಕ್ಕದಲ್ಲಿ ಅವರು ಜಾವಗಲ್ಲಿನವರೇ ಅಲ್ಲ! ಆದರೆ ಅರಸೀಕೆರೆ ತಾಲ್ಲೂಕಿನ ಆ ಹೊಯ್ಸಳರ ಕಾಲದ ಊರು ಅವರ ಹೆಸರಿನೊಡನೆ ಇಂಗ್ಲೆಂಡಿಗೂ ಹೋಯಿತು. ಡಬ್ಲ್ಯು. ಜಿ. ಗ್ರೇಸ್ ಆಡಿದ ಗ್ಲೌಸ್ಟರ್‌ಷೈರ್ ಕೌಂಟಿಗೆ 1995ರ ಬೇಸಿಗೆಯಲ್ಲಿ ಶ್ರೀನಾಥ್ 87 ವಿಕೆಟ್ ಗಳಿಸಿಕೊಟ್ಟರು. ಗ್ಲಾಮೋರ್ಗನ್ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 76 ರನ್‌ಗೆ 9 ವಿಕೆಟ್. ಪೂರ್ವಿಕರ ಊರನ್ನು ಹೀಗೆ ಹೊತ್ತು ತಿರುಗುವ ನಮ್ಮ ಪದ್ಧತಿಯೇ ನನಗೆ ಹೆಚ್ಚು ಉದಾರವಾಗಿ ಕಾಣುತ್ತದೆ.

ಕೊರವಂಗಲ ದಾಟಿ ಅದೇ ರಸ್ತೆಯಲ್ಲಿ ಮುಂದೆ ಹೋದರೆ ರೈಲ್ವೆ ಜಂಕ್ಷನ್ನಿನ ಊರು ಅರಸೀಕೆರೆ. ವೇಗದ ಬೌಲರ್ ಡೇವಿಡ್ ಜಾನ್ಸನ್ ಹುಟ್ಟಿದ್ದು ಅಲ್ಲಿ, 1971ರಲ್ಲಿ. ಗಾಯಗೊಂಡ ಶ್ರೀನಾಥ್ ಅವರ ಜಾಗದಲ್ಲಿ 1996ರಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ವರ್ಷದ ಕೊನೆಗೆ ಡರ್ಬನ್ನಿನಲ್ಲಿ ಇಬ್ಬರೂ ಒಟ್ಟಿಗೆ ಬೌಲ್ ಮಾಡಿದರು. ಒಂದೇ ತಾಲ್ಲೂಕಿನ ನಂಟಿರುವ ಇಬ್ಬರು ವೇಗಿಗಳು ಭಾರತದ ಒಂದೇ ತಂಡದಲ್ಲಿ! ಜಾನ್ಸನ್‌ಗೆ ಅದೇ ಕೊನೆಯ ಟೆಸ್ಟ್. 2024ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅವರ ವೇಗವನ್ನು ನಮ್ಮ ಜಿಲ್ಲೆ ಮರೆಯಬಾರದು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಊರ ನಡುವಿನ ಹಸಿರು ಬಯಲು ಎಲ್ಲರದೂ; ಅಲ್ಲಿ ಇಂದಿಗೂ ಕ್ರಿಕೆಟ್ ನಡೆಯುತ್ತದೆ. ನಮ್ಮ ಹುಡುಗರ ಪಿಚ್ಚು ಮುಂಗಾರಿನವರೆಗೆ ಮಾತ್ರ, ಆಮೇಲೆ ಅದು ಬಿತ್ತನೆಯ ಹೊಲ. ಉಳಿದಿರುವ ಗೋಮಾಳದಲ್ಲಿ ದನಕರುಗಳ ಪಾಲು ಕಸಿಯದೆ ಎರಡೆಕರೆ ಹೊಂದಿಸಲು ಸಾಧ್ಯವಿರುವ ಊರುಗಳಲ್ಲಾದರೂ, ಪಂಚಾಯಿತಿಯವರು ಅದನ್ನು ಆಟದ ಬಯಲೆಂದು ಪಹಣಿಯಲ್ಲೇ ಬರೆಸಿಡಲಿ.