ಹೆರಿಗೆಯಲ್ಲಿ ಹೋದ ರಕ್ತ, ವರ್ಷಗಟ್ಟಲೆ ಉಳಿದ ನಿಶ್ಶಕ್ತಿ



ಬೀಜ ಗೊಬ್ಬರಗಳ ವಿಚಾರ ಬರೆಯುವವನು ಇಂದು ಹೆಂಗಸರ ಕಾಯಿಲೆಯೊಂದನ್ನು ಎತ್ತಿಕೊಂಡನೆಂದು ಆಶ್ಚರ್ಯಪಡಬೇಡಿರಿ. ನಾನು ವೈದ್ಯನಲ್ಲ. ಆದರೆ ಈ ಕಾಯಿಲೆಯ ಪತ್ತೆ ಬಹುಮಟ್ಟಿಗೆ ಮನೆಯವರು ಹೇಳುವ ಒಂದು ಮಾತಿನ ಮೇಲೆ ನಿಂತಿದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ತಾಲೂಕಿನ ಹಳ್ಳಿಯಾದರೂ ಸರಿ, ಇಂಥ ಒಬ್ಬ ಹೆಣ್ಣುಮಗಳನ್ನು ನೆನಸಿಕೊಳ್ಳಿರಿ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಯಿತು. ಜೀವವೇನೋ ಉಳಿಯಿತು, ಆದರೆ ಎದೆಹಾಲು ಬರಲಿಲ್ಲ. ಮತ್ತೆ ಮುಟ್ಟಾಗಲಿಲ್ಲ. ಬರಬರುತ್ತ ಕಳೆ ತೆಗೆಯಲು ಹೋದರೆ ಸಾಲು ಮುಗಿಸಲಾರಳು. ಬೇಸಿಗೆಯಲ್ಲಿಯೂ ಚಳಿ ಎನ್ನುವಳು. ಎದ್ದು ನಿಂತರೆ ತಲೆಸುತ್ತು. ಕಂಕುಳ ಕೂದಲು ಸಹ ಉದುರಿತು. ಮನೆಯವರು ಮೊದಲು ಮೈಗಳ್ಳಿ ಎಂದರು, ಆಮೇಲೆ ಗಾಳಿ ಸೋಕಿದೆ ಎಂದರು. ದವಾಖಾನೆಯಲ್ಲಿ ರಕ್ತ ಕಡಿಮೆಯೆಂದು ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಹೀಗೆಯೇ ಹತ್ತು ವರ್ಷ ಕಳೆಯುವುದೂ ಉಂಟು.

ಇದಕ್ಕೆ ಶೀಹಾನ್ ಕಾಯಿಲೆಯೆಂದು ಹೆಸರು. ಡಾ. ಹೆರಾಲ್ಡ್ ಶೀಹಾನ್ ಎಂಬವರು 1937ರಲ್ಲಿ ಇದನ್ನು ವಿವರಿಸಿದರು. ಹೆರಿಗೆಗಳು ಸುರಕ್ಷಿತವಾದ ದೇಶಗಳಲ್ಲಿ ಇದು ಈಗ ಅಪರೂಪ. ನಮ್ಮ ದೇಶದಲ್ಲಿ ಹಾಗಲ್ಲ: ಕಾಶ್ಮೀರ ಕಣಿವೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೆತ್ತ ಹೆಂಗಸರು ನೂರು ಮಂದಿಯಿದ್ದರೆ ಅವರಲ್ಲಿ ಸುಮಾರು ಮೂವರಿಗೆ ಇದು ಇರಬಹುದೆಂದು ಅಂದಾಜು ಮಾಡಿದರು.

ಮೆದುಳಿನ ತಳದಲ್ಲಿ ಕಡಲೆಕಾಳಿನಷ್ಟು ಪಿಟ್ಯುಟರಿ ಎಂಬ ಗ್ರಂಥಿಯಿದೆ. ಗಂಗಾವತಿಯ ಕಡೆಯವರಿಗೆ ಇದರ ಕೆಲಸ ಬೇಗ ತಿಳಿದೀತು. ಉಪಕಾಲುವೆಯ ಗೇಟು ಏಳದಿದ್ದರೆ ಹೊಲಗಾಲುವೆ ಎಷ್ಟು ಚೊಕ್ಕಟವಾಗಿದ್ದರೇನು, ಗದ್ದೆಗೆ ನೀರಿಲ್ಲ. ಗಂಟಲಿನ ಥೈರಾಯಿಡ್, ಮೂತ್ರಪಿಂಡಗಳ ಮೇಲಿನ ಅಡ್ರಿನಲ್, ಹೆಂಗಸರ ಅಂಡಾಶಯ, ಇವೆಲ್ಲ ಈ ಗ್ರಂಥಿಯ ಹಾರ್ಮೋನು ಬಂದರೆ ಮಾತ್ರ ಸರಿಯಾಗಿ ನಡೆಯುವವು. ಬಸಿರಿನಲ್ಲಿ ಗ್ರಂಥಿ ದಪ್ಪವಾಗಿರುತ್ತದೆ, ಅದಕ್ಕೆ ರಕ್ತವೂ ಹೆಚ್ಚು ಬೇಕು. ಅಂಥ ಹೊತ್ತಿನಲ್ಲಿ ರಕ್ತ ಹರಿದುಹೋದರೆ ಅದು ಒಣಗಿಬಿಡುತ್ತದೆ.

ಪರೀಕ್ಷೆಯಲ್ಲಿ ಒಂದು ತೊಡಕಿದೆ. ನಿಶ್ಶಕ್ತಿಯೆಂದರೆ ಅನೇಕ ಕಡೆ ಥೈರಾಯಿಡಿಗಾಗಿ ಟಿ.ಎಸ್.ಎಚ್. ಒಂದನ್ನೇ ನೋಡುತ್ತಾರೆ. ಅದು ಪಿಟ್ಯುಟರಿಯೇ ತಯಾರಿಸುವ ರಸವಾದುದರಿಂದ ಈ ಕಾಯಿಲೆಯಲ್ಲಿ ಅದರ ಅಂಕಿ ಸರಿಯಿದ್ದಂತೆಯೇ ಕಾಣಬಹುದು. ಜೊತೆಗೆ ಟಿ-4 ಮತ್ತು ಬೆಳಗಿನ 8 ಗಂಟೆಯ ಸುಮಾರಿಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ನೋಡಿಸಬೇಕು. ಅಗತ್ಯವಿದ್ದರೆ ತಲೆಯ ಎಂ.ಆರ್.ಐ. ಚಿತ್ರವನ್ನೂ ತೆಗೆಸುತ್ತಾರೆ.

ಔಷಧ ಗುಳಿಗೆಗಳೇ, ಆದರೆ ಜೀವನಪೂರ್ತಿ. ಮೊದಲು ಸ್ಟೀರಾಯ್ಡ್, ಅನಂತರ ಥೈರಾಯಿಡ್ ಗುಳಿಗೆ; ಈ ಕ್ರಮ ತಪ್ಪಿದರೆ ಪ್ರಾಣಕ್ಕೆ ಅಪಾಯ. ಸ್ಟೀರಾಯ್ಡ್ ಎಂದೊಡನೆ ನಮ್ಮ ಜನ ಹೆದರುತ್ತಾರೆ. ಇಲ್ಲಿ ಅದು ದೇಹ ತಾನೇ ಮಾಡಿಕೊಳ್ಳಬೇಕಾಗಿದ್ದ ರಸದ ಬದಲಿ ಮಾತ್ರ. ಗುಣವಾಯಿತೆಂದು ಎಂದಿಗೂ ಬಿಡಬಾರದು. ಜ್ವರ ಬಂದಾಗ ಎಷ್ಟು ಹೆಚ್ಚಿಸಬೇಕೆಂದು ಡಾಕ್ಟರರಿಂದ ಮೊದಲೇ ಬರೆಯಿಸಿಕೊಂಡು ಮನೆಯಲ್ಲಿಡಿರಿ. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಿರಿ. ಆಗ ಇಂಜೆಕ್ಷನ್ನೇ ಬೇಕು.

ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ನಿಮ್ಮ ಊರಿನ ಆರೋಗ್ಯ ಕೇಂದ್ರದಿಂದ ಚೀಟಿ ತೆಗೆದುಕೊಂಡು ಹೋಗಬಹುದು. ಹನ್ನೆರಡು ವರ್ಷದ ಹಿಂದಿನ ಹೆರಿಗೆಯನ್ನು ಡಾಕ್ಟರು ತಾವಾಗಿ ಕೇಳದೆ ಇರಬಹುದು, ಆಕೆ ನಾಚಿ ಹೇಳದೆಯೂ ಇರಬಹುದು. ಆದುದರಿಂದ ಗಂಡನಾಗಲಿ ಅತ್ತೆಯಾಗಲಿ ಹೇಳಿರಿ: "ಹೆರಿಗೆಯಲ್ಲಿ ಬಹಳ ರಕ್ತ ಹೋಗಿತ್ತು, ಎದೆಹಾಲು ಬರಲಿಲ್ಲ, ಅಂದಿನಿಂದ ಮುಟ್ಟು ನಿಂತಿದೆ."