ಅಂಕುಡೊಂಕು ರಕ್ತನಾಳದಲ್ಲಿ ಸ್ಟೆಂಟ್ ಮುಂದೆ ಹೋಗದಿದ್ದಾಗ

ಆಂಜಿಯೋಪ್ಲಾಸ್ಟಿ ನಡುವೆ ವೈದ್ಯರು ಹೊರಬಂದು, “ರಕ್ತನಾಳ ತುಂಬಾ ತಿರುಚಿಕೊಂಡಿದೆ, ಸ್ಟೆಂಟ್ ಮುಂದೆ ಹೋಗುತ್ತಿಲ್ಲ, ಇನ್ನೊಂದು ಕ್ಯಾಥೆಟರ್ ಬೇಕು” ಎಂದರೆ ನಿಮಗೆ ಗಾಬರಿಯಾಗುವುದು ಸಹಜ. ಆದರೆ ಏನೋ ಎಡವಟ್ಟಾಗಿದೆ ಎಂದೇ ಇದರ ಅರ್ಥವಲ್ಲ.

ಮಣಿಕಟ್ಟು ಅಥವಾ ತೊಡೆಸಂದಿನಿಂದ ಸುಮಾರು 2 ಮಿ.ಮೀ. ದಪ್ಪದ ಕೊಳವೆಯೊಂದನ್ನು ಹೃದಯದ ರಕ್ತನಾಳದ ಬಾಯಿಯವರೆಗೆ ತರುತ್ತಾರೆ. ಇದು ಗೈಡ್ ಕ್ಯಾಥೆಟರ್. ಅದರೊಳಗಿಂದ ಹೋಗುವ, 0.36 ಮಿ.ಮೀ. ದಪ್ಪದ ತಂತಿ ಬಳುಕುತ್ತಾ ಬ್ಲಾಕ್ ದಾಟುತ್ತದೆ. ಸ್ಟೆಂಟ್ ಲೋಹದ ಜಾಲರಿ, ಅಷ್ಟು ಬಳುಕುವುದಿಲ್ಲ. ತಿರುವಿನಲ್ಲಿ, ಅದರಲ್ಲೂ ಕ್ಯಾಲ್ಸಿಯಂ ಕಟ್ಟಿದ ಕಡೆ, ಸಿಕ್ಕಿಕೊಳ್ಳುತ್ತದೆ. ಜೋರಾಗಿ ತಳ್ಳಿದರೆ? ನುಣುಪು ನೆಲದಲ್ಲಿ ನಿಂತು ಬೀರು ತಳ್ಳಿ ನೋಡಿ: ಬೀರು ಅಲುಗದೆ ನಿಮ್ಮ ಕಾಲೇ ಹಿಂದಕ್ಕೆ ಜಾರುತ್ತದೆ. ಇಲ್ಲೂ ಹಾಗೆಯೇ, ಗೈಡ್ ಕ್ಯಾಥೆಟರ್ ಹಿಂದೆ ಸರಿಯುತ್ತದೆ.

ಹಾಗಾಗಿ ಬೇಕಾದದ್ದು ಹೆಚ್ಚು ಬಲವಲ್ಲ, ಗಟ್ಟಿ ಆಧಾರ. ಒಂದು ಉಪಾಯ, ಮೊದಲ ತಂತಿಯ ಪಕ್ಕದಲ್ಲೇ ಇನ್ನೊಂದು ತಂತಿ ಹಾಕುವುದು. ಇದನ್ನು ‘ಬಡ್ಡಿ ವೈರ್’ ಎನ್ನುತ್ತಾರೆ. ತಿರುವು ಸ್ವಲ್ಪ ನೇರವಾಗುತ್ತದೆ. ಅದೂ ಸಾಲದಿದ್ದರೆ ‘ಗೈಡ್ ಎಕ್ಸ್‌ಟೆನ್ಷನ್’: ಮೊದಲ ಕೊಳವೆಯೊಳಗಿಂದ ಇನ್ನೂ ಸಣ್ಣ, ಮೆತ್ತನೆಯ ಕೊಳವೆ ರಕ್ತನಾಳದೊಳಕ್ಕೇ ಇಳಿಯುತ್ತದೆ. ಸ್ಟೆಂಟ್ ಅದರೊಳಗೆ ಸಾಗುವುದರಿಂದ ತಿರುವಿನ ಗೋಡೆಗೆ ತಾಗುವುದಿಲ್ಲ. ಕ್ಯಾಲ್ಸಿಯಂ ಗಟ್ಟಿಯಾಗಿದ್ದರೆ ಮೊದಲು ಅದನ್ನು ಸವೆಸಬೇಕು ಅಥವಾ ಒಡೆಯಬೇಕು.

ಅಪಾಯ ಇಲ್ಲವೆನ್ನಲಾಗದು. ಕೊಳವೆ ಒಳಗೆ ಇಳಿದಷ್ಟೂ ರಕ್ತನಾಳದ ಒಳಪದರ ಸೀಳುವ ಭಯವಿದೆ. ಅಪರೂಪಕ್ಕೆ ಸ್ಟೆಂಟ್ ಬಲೂನಿನಿಂದ ಕಳಚಿಕೊಳ್ಳಬಹುದು. ಸಮಯ ಹಿಡಿದಂತೆ ಡೈ ಕೂಡ ಹೆಚ್ಚು ಬೇಕಾಗಬಹುದು. ಕಿಡ್ನಿ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ, ಮೊದಲೇ ಹೇಳಿಬಿಡಿ. ಎಷ್ಟು ಯತ್ನಿಸಿದರೂ ಸ್ಟೆಂಟ್ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸುವ ವೈದ್ಯರ ಮೇಲೆ ಸಿಟ್ಟಾಗಬೇಡಿ. ಔಷಧಿ, ಬೈಪಾಸ್ ಮುಂತಾದ ದಾರಿಗಳಿವೆ.

ಇನ್ನು ಬಿಲ್. ಸ್ಟೆಂಟಿಗೆ ಸರ್ಕಾರ 2017ರಲ್ಲಿ ಗರಿಷ್ಠ ಬೆಲೆ ನಿಗದಿ ಮಾಡಿತು. ಆ ಮಿತಿ ಸ್ಟೆಂಟಿಗೆ ಮಾತ್ರ. ಹೆಚ್ಚುವರಿ ತಂತಿ, ಕೊಳವೆ, ಬಲೂನಿನ ಖರ್ಚು ಬೇರೆ. ಒಳಗೆ ಹೋಗುವ ಮುನ್ನವೇ “ಹೆಚ್ಚುವರಿ ಸಾಮಾನು ಬೇಕಾದರೆ ಎಷ್ಟಾಗಬಹುದು, ಇನ್ಶೂರೆನ್ಸ್ ಕೊಡುತ್ತದೆಯೇ?” ಎಂದು ಕೇಳಿಕೊಳ್ಳಿ. ಕೇಳಲು ಸಂಕೋಚ ಬೇಡ.

ಸ್ಟೆಂಟ್ ಕೂತ ಮೇಲೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಬರೆದುಕೊಡುತ್ತಾರೆ. ಹಲ್ಲು ಕೀಳಿಸಬೇಕೆಂದೋ, ಊರಿಗೆ ಹೊರಟಾಗ ಮಾತ್ರೆ ಮುಗಿಯಿತೆಂದೋ ನಿಲ್ಲಿಸಬೇಡಿ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು. ನಿಲ್ಲಿಸುವ ದಿನವನ್ನು ಹೃದಯದ ವೈದ್ಯರೇ ಹೇಳಬೇಕು.