ನೆಗಡಿ ಅವ್ವಾ, ಅಷ್ಟೇ...

ಪುಣೆಯ ಹಿಂಜವಡಿಯಲ್ಲಿ ಆಫೀಸಿನ ಪಾರ್ಕಿಂಗ್‌ನಲ್ಲಿ ಕುಳಿತು ಸ್ಕ್ಯಾನ್ ರಿಪೋರ್ಟ್ ತೆರೆದೆ. ಎಡಸ್ತನದಲ್ಲಿ 11 ಮಿ.ಮೀ. ಗಂಟು, ಅಂಚು ಸ್ಪಷ್ಟವಿಲ್ಲ, ‘ಬೈ-ರಾಡ್ಸ್ 4ಎ’, ಬಯಾಪ್ಸಿ ಮಾಡಿಸಿ ಎಂದಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಆ 4 ಒಂದೇ. ಬಂಧುವೊಬ್ಬರು ‘ನಾಲ್ಕನೇ ಸ್ಟೇಜ್‌’ನಲ್ಲಿ ತೀರಿಕೊಂಡದ್ದು ನೆನಪಾಗಿ ಕೈ ತಣ್ಣಗಾಯಿತು. ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಅವ್ವನ ಫೋನು.

“ಯಾಕ, ದನಿ ಸಣ್ಣ ಆಗೇತಿ?”

“ನೆಗಡಿ ಅವ್ವಾ, ಅಷ್ಟೇ.”

ಊರು ಬಿಟ್ಟವರಿಗೆಲ್ಲ ಈ ನೆಗಡಿ ಗೊತ್ತು. ಕೆಲಸ ಹೋದರೂ, ಮನೆಯಲ್ಲಿ ಜಗಳವಾದರೂ ಊರಿಗೆ ನಾವು ಹೇಳುವುದು ಇದನ್ನೇ.

ರಾತ್ರಿ ಮಗ ಮಲಗಿದ ಮೇಲೆ ಮೊಬೈಲ್ ಹಿಡಿದೆ. ವರ್ಗ 4 ಎಂದರೆ ಕ್ಯಾನ್ಸರ್ ಸಾಧ್ಯತೆ ಶೇ 2ರಿಂದ 95 ಎಂದಿತ್ತು. ಎರಡೂವರೆಯವರೆಗೆ ಓದಿದೆ, ಓದಿದಷ್ಟೂ ಮನಸ್ಸು 95ರ ಹತ್ತಿರವೇ ಹೋಯಿತು. ಎಂಟೆಕ್‌ನಲ್ಲಿ ಕಲಿತ ಸಂಭವನೀಯತೆ ಯಾವ ಉಪಯೋಗಕ್ಕೂ ಬರಲಿಲ್ಲ.

ಮರುದಿನ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ್ ಬಳಿ ಹೋದೆ. ಅವರು ಬಿಡಿಸಿ ಹೇಳಿದರು. ಸ್ಕ್ಯಾನಿನ 4ಕ್ಕೂ ಕ್ಯಾನ್ಸರ್‌ನ ನಾಲ್ಕನೇ ಹಂತಕ್ಕೂ ಸಂಬಂಧವೇ ಇಲ್ಲ. ಕ್ಯಾನ್ಸರ್ ಖಚಿತವಾದ ಮೇಲೆ ಅದು ಎಷ್ಟು ಹರಡಿದೆ ಎಂದು ಹೇಳುವುದು ಹಂತ. ಚಿತ್ರ ನೋಡಿದವರಿಗೆ ಎಷ್ಟು ಅನುಮಾನವಿದೆ ಎಂದು ಹೇಳುವುದು ಬೈ-ರಾಡ್ಸ್. ವರ್ಗ 4ರಲ್ಲಿ ಎ, ಬಿ, ಸಿ ಎಂದು ಮೂರು ಭಾಗ. ಎ ಎಂದರೆ ಶೇ 2ರಿಂದ 10. ಅಂದರೆ ಇಂಥ ನೂರು ಗಂಟುಗಳಲ್ಲಿ ತೊಂಬತ್ತಾದರೂ ಕ್ಯಾನ್ಸರ್ ಅಲ್ಲ. “ಹಾಗಾದರೆ ಬಯಾಪ್ಸಿ ಯಾಕೆ?” ಎಂದೆ. “ಉಳಿದವು ಕೈತಪ್ಪಬಾರದಲ್ಲ” ಎಂದರು. ನಮ್ಮ ಕೆಲಸದಲ್ಲೂ ಹಾಗೆಯೇ. ಅಲರ್ಟ್ ಬಂತೆಂದರೆ ಸರ್ವರ್ ಬಿತ್ತು ಎಂದಲ್ಲ. ನೋಡದೆ ಬಿಟ್ಟರೆ ಕಷ್ಟ.

ಹೆದರಿಕೆ ಹೋಗಲಿಲ್ಲ, ಆದರೆ ಅದಕ್ಕೊಂದು ಅಳತೆ ಸಿಕ್ಕಿತು. ಮೊಬೈಲಿನಲ್ಲಿ ಹುಡುಕುವುದನ್ನು ಬಂದ್ ಮಾಡಿದೆ. ಚಿಂತೆಗೆಂದು ರಾತ್ರಿ 9ಕ್ಕೆ ಅರ್ಧ ಗಂಟೆ ಇಟ್ಟೆ; ಬಾಲ್ಕನಿಯಲ್ಲಿ ಗಂಡನ ಎದುರು ಎಲ್ಲವನ್ನೂ ಬಾಯಿಬಿಟ್ಟು ಹೇಳುವುದು. ಹಗಲಿನಲ್ಲಿ ನೆನಪಾದದ್ದು ಚೀಟಿಗೆ. ಮ್ಯಾನೇಜರ್‌ಗೆ ‘ಆಸ್ಪತ್ರೆ ಕೆಲಸವಿದೆ’ ಎಂದೆ, ಅಷ್ಟು ಸಾಕಾಯಿತು.

ಬಯಾಪ್ಸಿ ನಾನು ಎಣಿಸಿದಷ್ಟು ಕಷ್ಟವಿರಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ಉರಿ, ಆಮೇಲೆ ಬರೀ ಒತ್ತಿದ ಹಾಗೆ. ಸೂಜಿ ಚೂರು ತೆಗೆಯುವಾಗ ಸ್ಟೇಪ್ಲರ್ ಹೊಡೆದಂತೆ ‘ಟಕ್’ ಎಂದು ಸದ್ದು. ನೋಯುತ್ತಿದೆಯೇ ಎಂದು ನರ್ಸ್ ಮರಾಠಿಯಲ್ಲಿ ಕೇಳಿದರು. ಎಂಟು ವರ್ಷದಿಂದ ಪುಣೆಯಲ್ಲಿದ್ದರೂ ನನ್ನ ಬಾಯಿಂದ ಬಂದದ್ದು “ಇಲ್ರೀ”. ಅವರು ನಕ್ಕು ಕೈ ಹಿಡಿದುಕೊಂಡರು.

ರಿಪೋರ್ಟಿಗೆ ಐದು ದಿನ. ಮೂರನೇ ದಿನ ತಡೆಯಲಾಗದೆ ಅವ್ವನಿಗೆ ಹೇಳಿಬಿಟ್ಟೆ. ಅಳುತ್ತಾಳೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನನಗೂ ಒಂದು ಗಂಟು ಐತಿ. ಎರಡು ವರ್ಷ ಆತು. ನೋವಿಲ್ಲ ಅಂತ ಸುಮ್ನಿದ್ದೆ. ನೀ ದೂರ ಇದ್ದೀ, ಯಾಕ ಹೇಳೂದು ಅಂತ.”

ನಾನು ಅವಳನ್ನು ಹೆದರಿಸಬಾರದೆಂದು, ಅವಳು ನನ್ನನ್ನು ಹೆದರಿಸಬಾರದೆಂದು. ನೋವಿಲ್ಲ ಎಂದು ಸುಮ್ಮನಿರುವಂತಿಲ್ಲ. ಸ್ತನ ಕ್ಯಾನ್ಸರ್‌ನ ಗಂಟು ಹೆಚ್ಚಾಗಿ ನೋಯುವುದಿಲ್ಲ. ಆ ರಾತ್ರಿ ನನ್ನ ಗಂಟನ್ನು ಮರೆತೇಬಿಟ್ಟೆ.

ನನ್ನದು ಫೈಬ್ರೊಅಡೆನೋಮಾ ಎಂದು ಬಂತು, ಕ್ಯಾನ್ಸರ್ ಅಲ್ಲದ ಗಂಟು. ಆರು ತಿಂಗಳ ನಂತರ ಮತ್ತೊಮ್ಮೆ ಸ್ಕ್ಯಾನ್. ಅಂದೇ ರಾತ್ರಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಅವ್ವನ ಮ್ಯಾಮೊಗ್ರಾಂ ಆಗಿದೆ, ನಾಳೆ ಬಯಾಪ್ಸಿ. ಪ್ರಶ್ನೆಗಳ ಚೀಟಿ ಈಗ ಅವಳ ಪರ್ಸಿನಲ್ಲಿದೆ.

ಇವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ಸೊಲ್ಲಾಪುರದಿಂದ ಚಿಗವ್ವ ಫೋನ್ ಮಾಡಿ ಆರೋಗ್ಯ ವಿಚಾರಿಸಿದಳು. “ಅರಾಮ ಅದೀನಿ” ಎಂದ ಅವ್ವ ನನ್ನ ಮುಖ ನೋಡಿದಳು.

“ಇಲ್ಲವಾ, ದವಾಖಾನ್ಯಾಗ ಅದೀನಿ. ಹೇಳ್ತೀನಿ ಕೇಳು.”